ಕಾಕಿ ಬಾತಿಗೆ ಸಾಹೇಬರ ಚಡ್ಡಿ

ಬಣ್ಣದ ವಿಷಯದಲ್ಲಿ ನನ್ನ ಗ್ರಹಚಾರ ಯಾವತ್ತೂ ನೆಟ್ಟಗಿರಲಿಲ್ಲ. ಹಸಿರು ಸೀರೆ ತರೋಕೆ ಶಿವಾಜಿನಗರಕ್ಕೆ ಹೋಗಿ ನೀಲಿ ತಂದು, ಅತ್ತೆ ಕೈಲಿ ಉಗಿಸ್ಕೊಂಡವನು ನಾನು. ಅಂಥವನಿಗೆ ಯುದ್ಧದ ಕಾಲದಲ್ಲಿ ಸಿಕ್ಕ ಕೆಲಸ ಏನು ಗೊತ್ತೇನ್ರೀ? ಹಲಸೂರು ಕೆರೆ ಪಕ್ಕದ ಬಂಗಲೆಯಲ್ಲಿ, ರಿಟೈರಾದ ಮಿಲಿಟರಿ ಸಾಹೇಬರೊಬ್ಬರ ಬಾತುಕೋಳಿಗಳನ್ನ ಬಣ್ಣ ನೋಡಿ ಬೇರೆ ಮಾಡೋದು!

೧. ತುಂಡು ಬಟ್ಟೆ

ಅವು ಕ್ಯಾಂಬೆಲ್ ಅನ್ನೋ ವಿಲಾಯ್ತಿ ಜಾತಿ. ಬಿಳಿ, ಕಡುಗಂದು, ಕಾಕಿ ಅಂತ ಮೂರು ಬಣ್ಣ. ಸಾಹೇಬರಿಗೆ ಕಾಕಿ ಮಾತ್ರ ಬೇಕು, ಮಿಕ್ಕಿದ್ದು ಅಡುಗೆಮನೆಗೆ. ಬಿಳಿ ನನಗೂ ಗೊತ್ತಾಗ್ತಿತ್ತು. ಉಳಿದ ಎರಡೂ ನನ್ನ ಕಣ್ಣಿಗೆ ಕೆರೆ ಕೆಸರಿನ ಬಣ್ಣವೇ.

ಸಾಹೇಬರು ಮೂವತ್ತು ವರ್ಷದಿಂದ ಹಲಸೂರಲ್ಲಿದ್ದೋರು, ಕನ್ನಡ ನಮ್ಮಂಗೇ ಮಾತಾಡೋರು. ತಮ್ಮ ಹಳೇ ಮಿಲಿಟರಿ ಚಡ್ಡಿಯಿಂದ ಅಂಗೈಯಗಲ ಬಟ್ಟೆ ಹರಿದುಕೊಟ್ಟು, "ಇದಕ್ಕೆ ಹೊಂದಿದರೆ ಕಾಕಿ. ತಿಳೀತಾ?" ಅಂದ್ರು.

"ತಿಳೀತು ದೊರೆ. ಇದು ಚಡ್ಡಿಯ ಯಾವ ಭಾಗ?"

"ಮುಚ್ಕೊಂಡು ಕೆಲಸ ನೋಡು" ಅಂದ್ರು.

೨. ನನ್ನವಳ ಮಡಿ

ಬಂಗಲೆ ಹಿಂದಿನ ರೂಮಿಗೆ ಹೊಸದಾಗಿ ಸಂಸಾರ ತಂದಿದ್ದೆ. ನನ್ನವಳು, "ಯಾರದ್ದೋ ಚಡ್ಡಿ ಚೂರು ಜೇಬಲ್ಲಿ ಇಟ್ಕೊಂಡು ತಿರುಗ್ತೀರಲ್ಲ, ಥೂ!" ಅಂತ ಅದನ್ನ ಸೋಡಾ ಹಾಕಿ ಕುದಿಸಿ, ಎರಡು ದಿನ ಬಿಸಿಲಲ್ಲಿ ಒಣಗಿಸಿ ಮತ್ತೆ ಜೇಬಿಗೆ ತುರುಕಿದ್ಳು. ಬಣ್ಣ ಅರ್ಧಕ್ಕರ್ಧ ಹೋಗಿತ್ತು. ಅದು ನನಗೆಲ್ಲಿ ಗೊತ್ತಾಗ್ಬೇಕು?

ಬೆಳಿಗ್ಗೆ ಹಿಡಿದು ನೋಡ್ತೀನಿ, ಯಾವ ಬಾತೂ ಕಾಕಿ ಅಲ್ಲ! ಬಿಳಿ ಬಿಟ್ರೆ ಎಲ್ಲಾ ಕಡುಗಂದು! ಸದ್ಯಕ್ಕೆ ಆರನ್ನ ಅಡುಗೆಯವನ ಕೈಗೆ ಕೊಟ್ಟೆ. ಅವನು ತಮಿಳಿನವ, "ಅಯ್ಯಯ್ಯೋ, ಇದು ದೊರೆಯೋಡ ಮುದ್ದಿನ ಬಾತಪ್ಪಾ" ಅಂದ. "ಬಟ್ಟೆ ಸುಳ್ಳು ಹೇಳತ್ತೇನೋ?" ಅಂತ ಗದರಿಸಿದೆ.

ಮೂರು ದಿನ ಸಾಹೇಬರು ಬೆರಳು ಚೀಪ್ಕೊಂಡು ಉಂಡ್ರು. ನಾಲ್ಕನೇ ದಿನ ಗೂಡಿಗೆ ಬಂದು ಎಣಿಸಿದ್ರು. ಅವರ ಮುಖ ಯಾವ ಬಣ್ಣಕ್ಕೆ ತಿರುಗ್ತು ಅನ್ನೋದು ಮಾತ್ರ ನನಗೂ ಸರಿಯಾಗಿ ಗೊತ್ತಾಯ್ತು.

೩. ಜಡ್ಜ್ ಬಗ್ಗಿದ್ದು

"ಭಾನುವಾರ ಬಾತುಕೋಳಿ ಪ್ರದರ್ಶನದ ಜಡ್ಜ್ ಬರ್ತಾರೆ. ಅವರೆದುರು ನೀನೇ ಕಾಕಿ ಆರಿಸ್ಬೇಕು. ಒಂದು ತಪ್ಪಿದ್ರೂ ರೂಮು ಖಾಲಿ ಮಾಡು" ಅಂದ್ರು ಸಾಹೇಬರು. ಬಟ್ಟೆ ಚೂರನ್ನ ಕಿತ್ಕೊಂಡು ಒಲೆಗೆ ಹಾಕಿದ್ರು. ನನ್ನವಳು ಆಗಲೇ ಪಾತ್ರೆ ಗಂಟು ಕಟ್ಟೋಕೆ ಕೂತಳು. ನನಗೂ ಅಳುವೇ ಬಂತು.

ಭಾನುವಾರ ಜಡ್ಜ್ ಬಂದ್ರು. ಆರಡಿ ಆಳು, ಕನ್ನಡ ಒಂದಕ್ಷರ ಬಾರದು. ಗೂಡಿನ ಬಾಗಿಲು ಗಿಡ್ಡ. ಒಳಗೆ ಇಣುಕೋಕೆ ಅಂತ ಬಗ್ಗಿದ್ರು ನೋಡಿ, ನನ್ನ ಕಣ್ಣೆದುರಿಗೇ ಅದೇ ಮಿಲಿಟರಿ ಬಟ್ಟೆಯ ಚಡ್ಡಿ! ಅಂಗೈಯಗಲ ಎಲ್ಲಿ, ಇದು ಹಾಸಿಗೆಯಗಲ! ನಮ್ಮಪ್ಪ ಸೋಮೇಶ್ವರನೇ ಕಳಿಸಿದ ಅಂದ್ಕೊಂಡೆ. ಅವರು ಬಗ್ಗಿ ಒಳಗಿನ ಮೊಟ್ಟೆ ನೋಡ್ತಿರೋವಾಗ್ಲೇ ಅಂಗಳದ ಒಂದೊಂದೇ ಬಾತು ಎತ್ತಿ ಅಲ್ಲಿಗೆ ಹಿಡಿಯೋದು, ಹೊಂದಿದ್ರೆ ಬಲಕ್ಕೆ, ಇಲ್ಲದಿದ್ರೆ ಎಡಕ್ಕೆ. ಸಾಹೇಬರು ಕಣ್ಣು ಬಿಟ್ಕೊಂಡು ನಿಂತಿದ್ರು.

ಜಡ್ಜ್ ಎದ್ದು ಬಲಗಡೆಯವನ್ನೆಲ್ಲ ರೆಕ್ಕೆ ಬಿಡಿಸಿ ನೋಡಿದ್ರು. ಒಂದೂ ತಪ್ಪಿಲ್ಲ! ನನ್ನ ಬೆನ್ನು ತಟ್ಟಿದ್ರು. ಸಾಹೇಬರು ನನ್ನ ಕಡೆ ನೋಡಿ, "ಹೋಗ್ಲಿ, ರೂಮಲ್ಲೇ ಇರು" ಅಂದ್ರು. ನಮ್ಮ ರೂಮಿನ ಬಾಗಿಲ ಸಂದಿಯಿಂದ ನನ್ನವಳು ಪಾತ್ರೆ ಗಂಟು ಬಿಚ್ಚಿದ ಸದ್ದು ಕೇಳ್ತು.

ಅಷ್ಟಕ್ಕೇ ಬಿಡಬಾರದಾ ಆ ಜಡ್ಜು? ಇಷ್ಟು ಕರಾರುವಾಕ್ಕಾಗಿ ಹೇಗೆ ಕಲಿತ, ಕೇಳಿ ಹೇಳಿ ಅಂತ ಸಾಹೇಬರಿಗೆ ಗಂಟುಬಿದ್ರು.

ಸಾಹೇಬರು ಕೇಳಿದ್ರು, ನಾನು ಕೈಮುಗಿದೆ. "ಕಲಿತದ್ದೇನಿಲ್ಲ ದೊರೆ. ಇವರು ಬಗ್ಗಿದ್ರು, ನಾನು ಅಲ್ಲಿಟ್ಟು ನೋಡ್ಕೊಂಡೆ."

ಸಾಹೇಬರು ಎರಡು ಸಲ ಕೆಮ್ಮಿ ಇಂಗ್ಲಿಷಲ್ಲಿ ಏನೋ ಹೇಳಿದ್ರು. ಏನಂತ ಆಮೇಲೆ, ಅಲ್ಲೇ ಚಹಾ ಹಿಡಿದು ನಿಂತಿದ್ದ, ಇಂಗ್ಲಿಷ್ ಬಲ್ಲ ಅಡುಗೆಯವನನ್ನ ಕೇಳಿದೆ.

"ಮೂವತ್ತು ವರ್ಷ ಇಲ್ಲೇ ಇದ್ರೂ ನನಗೆ ಕನ್ನಡ ಒಂದು ಮಾತೂ ತಿಳಿಯಲ್ಲ ಅಂದ್ರಪ್ಪಾ ದೊರೆ!"