ಗೇಟು ಹಾಕದ ಸಿನಿಮಾದವರಿಗೆ

‘ಕಣಿವೆ ಮುಳುಗಿದ ದಿನ’ ಎಂಬ ಹಳೆಯ ಚಿತ್ರವನ್ನು ಹೊಸದಾಗಿ ತೆಗೆದಿರುವ ನಿರ್ಮಾಪಕ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಸಿಬ್ಬಂದಿಗೂ, ಅಷ್ಟೊಂದು ನೀರನ್ನು ಯಾರ ಕಾಲುಚೀಲವೂ ಒದ್ದೆಯಾಗದಂತೆ ತಯಾರಿಸಿಕೊಟ್ಟ ತಮ್ಮ ಕಂಪ್ಯೂಟರುಗಳಿಗೂ ಮೊಂಟಾನಾದ ಹ್ಯಾಸ್ಕೆಟ್ ಊರಿನ ಸಮಸ್ತರ ಪರವಾಗಿ ವಂದನೆಗಳು. ನಮ್ಮ ಊರು ಸಿನಿಮಾದಲ್ಲಿ ಮುಳುಗುತ್ತಿರುವುದು ಇದು ಎರಡನೇ ಸಲ. ಮೊದಲ ಸಲ, ನನಗೆ ಮದುವೆಯಾದ ಹೊಸತರಲ್ಲಿ, ಸಿನಿಮಾದವರು ಇಲ್ಲಿಗೇ ಬಂದು, ಟ್ಯಾಂಕರುಗಳಿಂದ ನೀರು ಬಿಟ್ಟು, ಊರಿನವರನ್ನೇ ಬೀದಿಯಲ್ಲಿ ಓಡಿಸಿ, ಅರ್ಧಕ್ಕರ್ಧ ಜನರನ್ನು ಸಾಯಿಸಿ, ಸಂಜೆ ಸತ್ತವರಿಗೂ ಬದುಕಿದವರಿಗೂ ಚರ್ಚಿನಲ್ಲಿ ಒಂದೇ ಪಂಕ್ತಿಯಲ್ಲಿ ಊಟ ಹಾಕಿದ್ದರು. ತಾವು ನಮಗೆ ಅಂಥ ಯಾವ ತೊಂದರೆಯನ್ನೂ ಕೊಡದೆ ಎಲ್ಲೋ ದೂರದ ಸ್ಟುಡಿಯೋದಲ್ಲಿ ಕೆಲಸ ಮುಗಿಸಿದ್ದೀರಿ. ತಮ್ಮ ಸಂಕೋಚ ಸ್ವಭಾವ ನಮಗೆ ಅರ್ಥವಾಗುತ್ತದೆ.

ಇದನ್ನು ದೂರಿನ ಪತ್ರವೆಂದು ತಾವು ಭಾವಿಸಬಾರದು. ಪಕ್ಕದ ಮನೆಯ ಮೇವಿಸ್, ಹಳೆಯ ಚಿತ್ರದಲ್ಲಿ ಬ್ಯಾಂಕಿನೊಳಗೆ ಸತ್ತವಳು, ನನಗೆ ಮೊದಲೇ ಬುದ್ಧಿ ಹೇಳಿದ್ದಾಳೆ. “ಬೈದು ಬರೀಬೇಡ ಕಣೇ ವರ್ನಾ. ಬೈದ್ರೆ ಅವ್ರು ಓದೋದೇ ಇಲ್ಲ. ಏನಾದ್ರೂ ಒಳ್ಳೇದು ಹುಡುಕಿ ಬರಿ, ಆಮೇಲೆ ಕೇಳೋದು ಕೇಳು” ಎಂದಳು. ಹಾಗಾಗಿ ಒಳ್ಳೆಯದನ್ನು ಹುಡುಕಲೆಂದೇ ತಮ್ಮ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡಿದೆ. ದೇವರಾಣೆ, ಸಿಕ್ಕಿತು.

ತಮ್ಮ ನಾಯಕಿಯ ಕೂದಲು ನನಗೆ ಬಹಳ ಹಿಡಿಸಿತು. ಅಣೆಕಟ್ಟು ಒಡೆದು, ಶಾಲೆ ಕೊಚ್ಚಿಹೋಗಿ, ಸೇತುವೆ ಮುರಿದುಬಿದ್ದರೂ ಆ ತುರುಬು ಒಂದಿಷ್ಟೂ ಅಲುಗಲಿಲ್ಲ. ಆ ತುರುಬು ಕಟ್ಟಿದ ಪುಣ್ಯಾತ್ಗಿತ್ತಿಯ ಕೈಗೆ ಅಣೆಕಟ್ಟನ್ನೂ ಕೊಟ್ಟಿದ್ದರೆ ಚಿತ್ರದ ಪ್ರಮೇಯವೇ ಬರುತ್ತಿರಲಿಲ್ಲ. ಹ್ಯಾಸ್ಕೆಟ್ಟಿನ ಅಂಚೆ ಕಚೇರಿಯೆಂದು ತಾವು ತೋರಿಸಿದ ಕಟ್ಟಡದ ಮುಂದಿನ ತಾಳೆಮರವೂ ಚೆನ್ನಾಗಿತ್ತು. ನಮ್ಮಲ್ಲಿ ಅಕ್ಟೋಬರಿನಲ್ಲೇ ಹಿಮ ಬೀಳುತ್ತದೆ. ಆ ಮರ ತೋರಿದ ಎದೆಗಾರಿಕೆಯನ್ನು ತಮ್ಮ ನಾಯಕನೂ ತೋರಲಿಲ್ಲ. ಸದ್ದಿನ ಬಗ್ಗೆ ಹೇಳುವುದಾದರೆ, ಡ್ರೈವ್-ಇನ್ ಟಾಕೀಸಿನ ಯಜಮಾನ ಹಾರ್ಲನ್ ಬ್ರೆಕ್ಕೆ ಕಿವುಡುಬಿದ್ದು ಎಷ್ಟೋ ವರ್ಷಗಳಾದವು. “ಪಿಕ್ಚರ್ ಪೂರ್ತಿ ಕೇಳಿಸ್ತು ನೋಡು! ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಕೇಳಿಸ್ತು!” ಎಂದು ಆತ ಎರಡು ದಿನ ಊರೆಲ್ಲ ಹೇಳಿಕೊಂಡು ತಿರುಗಿದ. ಇನ್ನು ಚಿತ್ರದ ಉದ್ದಕ್ಕೆ ನಾನು ವೈಯಕ್ತಿಕವಾಗಿ ಋಣಿ. ಹೆಣೆಯುತ್ತ ಹಿಮ್ಮಡಿಯ ಹತ್ತಿರ ನಿಂತುಹೋಗಿದ್ದ ನನ್ನ ಉಣ್ಣೆಯ ಕಾಲುಚೀಲ ನಾಯಕನು ತನ್ನ ತಂದೆಯನ್ನು ಕ್ಷಮಿಸುವ ದೃಶ್ಯದಲ್ಲಿ ಮುಗಿಯಿತು. ಜೋಡಿಯ ಇನ್ನೊಂದನ್ನು ಮುಂದಿನ ಭಾಗಕ್ಕೆ ಇಟ್ಟುಕೊಂಡಿದ್ದೇನೆ.

ಇಷ್ಟು ಹೊಗಳಿದ ಮೇಲೆ ನಮ್ಮ ಊರಿನ ಒಂದು ಪದ್ಧತಿಯನ್ನು ತಮಗೆ ಅರಿಕೆ ಮಾಡಿಕೊಳ್ಳುತ್ತೇನೆ. ಪ್ರತಿವರ್ಷ ಬೇಸಿಗೆ ಮುಗಿದು, ಮೈದಾನದಲ್ಲಿ ಕಾರಿನೊಳಗೇ ಕೂತು ಸಿನಿಮಾ ನೋಡುವ ಹಾರ್ಲನ್ನನ ಟಾಕೀಸನ್ನು ಚಳಿಗಾಲಕ್ಕೆ ಮುಚ್ಚುವ ಮುಂಚಿನ ಕೊನೆಯ ಶನಿವಾರ, ಅಲ್ಲಿ ಹಳೆಯ ‘ಕಣಿವೆ ಮುಳುಗಿದ ದಿನ’ವನ್ನು ಹಾಕುತ್ತಾರೆ. ತೆರೆಯ ಮೇಲೆ ತಮ್ಮ ಮನೆಯವರು ಕಂಡ ಕೂಡಲೇ ಆ ಮನೆಯ ಗಾಡಿ ಹಾರ್ನ್ ಹೊಡೆಯಬೇಕು. ಈಗ ಯಾರೂ ಉಳಿದಿಲ್ಲದ ಮನೆಯವರು ಕಂಡರೆ ಇಡೀ ಮೈದಾನವೇ ಹೊಡೆಯುತ್ತದೆ. ಮೇವಿಸ್ ಅಂತೂ ತೆರೆಯ ಮೇಲೆ ತಾನು ಸಾಯುವಾಗ ಹಾರ್ನನ್ನು ತಾನೇ ಹೊಡೆದುಕೊಳ್ಳುತ್ತಾಳೆ. ಅದಕ್ಕೂ ಮೊದಲು ತಲೆ ಬಾಚಿಕೊಳ್ಳುತ್ತಾಳೆ.

ಆ ಚಿತ್ರದಲ್ಲಿ ನನ್ನ ಗಂಡ ಆರ್ವಿಡ್ ಸಾಯಬೇಕಾಗಿದ್ದುದು ದನದ ಹುಲ್ಲುಗಾವಲಿನಲ್ಲಿ. ನಿರ್ದೇಶಕರು ಅವನಿಗೆ ಕೊಟ್ಟ ಕೆಲಸ ಇಷ್ಟೇ: ನೀರು ಬಂತೆಂದು ಕೂಗಿದಾಗ ಗೇಟು ತೆಗೆದು ಹೊರಬಂದು ಗುಡ್ಡದ ಕಡೆ ಓಡುವುದು. ಆರ್ವಿಡ್ ಓಡಿದ. ನಾಲ್ಕು ಹೆಜ್ಜೆ ಓಡಿ, ನಿಂತು, ವಾಪಸು ಹೋಗಿ ಗೇಟು ಹಾಕತೊಡಗಿದ. ನಮ್ಮ ಕಡೆಯ ತಂತಿ ಗೇಟನ್ನು ಹಾಗೆ ತಳ್ಳಿಬಿಟ್ಟರೆ ಆಗುವುದಿಲ್ಲ. ಕಂಬವನ್ನು ತಬ್ಬಿಕೊಂಡು, ಭುಜ ಕೊಟ್ಟು ಒತ್ತಿ, ತಂತಿಯ ಕುಣಿಕೆಯನ್ನು ಅದರ ತಲೆಗೆ ಹಾಕಬೇಕು. ಹಿಂದೆ ನೀರು ಭೋರೆಂದು ಬರುತ್ತಿದ್ದರೆ ಇವನು ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೆನ್ನೆಯನ್ನು ಕಂಬಕ್ಕೆ ಒತ್ತಿಕೊಂಡು, ಕುಣಿಕೆ ಜಾರಿತೆಂದು ಮತ್ತೊಮ್ಮೆ ಹಾಕುತ್ತಿದ್ದಾನೆ. “ಓಡಯ್ಯಾ, ಓಡು! ಸಾಯ್ತೀಯ!” ಎಂದು ನಿರ್ದೇಶಕರು ಕಿರುಚಿದರು. ಆರ್ವಿಡ್ ಬಾಯಿಂದ ಟೋಪಿ ತೆಗೆದು, “ದನ ಆಚೆ ಹೋದ್ರೆ ನೀನು ಹಿಡ್ಕೊಂಡು ಬರ್ತೀಯೇನಯ್ಯಾ?” ಎಂದ. ಆ ನಿರ್ದೇಶಕರು ದೊಡ್ಡ ಮನುಷ್ಯರು, ನಕ್ಕು ಆ ಮಾತನ್ನೂ ಚಿತ್ರದಲ್ಲಿ ಹಾಗೇ ಉಳಿಸಿದರು.

ಆರ್ವಿಡ್ ನಿಜವಾಗಿ ತೀರಿಕೊಂಡದ್ದು ಹೋದ ಮಾರ್ಚಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ನೀರಿನ ಗೊಡವೆಯೇ ಇಲ್ಲದೆ. ಮನೆಯಲ್ಲಿ ಅವನ ಫೋಟೋಗಳಿವೆ. ಎಲ್ಲದರಲ್ಲೂ ಫೋಟೋ ತೆಗೆಯುವವನ ಮೇಲೆ ಸಿಟ್ಟಾದಂತೆ ನಿಂತಿದ್ದಾನೆ. ಅವನು ನಡೆಯುವುದು, ಬಗ್ಗುವುದು, ಮಾತಾಡುವುದು ಇರುವುದೆಲ್ಲ ಆ ಹಳೆಯ ಚಿತ್ರದಲ್ಲಿ, ಒಂದು ತುತ್ತು ನುಂಗುವಷ್ಟು ಹೊತ್ತು.

ಈಗ ತಮ್ಮ ಚಿತ್ರದ ವಿಷಯಕ್ಕೆ ಮರಳುತ್ತೇನೆ. ಅದರಲ್ಲೂ ಒಂದು ಹುಲ್ಲುಗಾವಲಿದೆ, ಗೇಟಿದೆ. ನಾಯಕ ಆ ಗೇಟನ್ನು ಒದ್ದು ತೆಗೆದು ಓಡುತ್ತಾನೆ, ಹಿಂದಿರುಗಿ ನೋಡುವುದಿಲ್ಲ. ಆಮೇಲೆ ಕಣಿವೆಯ ಮೇಲೆ ನಿಂತು ಆತ ನಾಯಕಿಗೆ ತನ್ನ ಬಾಲ್ಯದ ದುಃಖವನ್ನೆಲ್ಲ ತೋಡಿಕೊಳ್ಳುವಾಗ, ಅವರ ಹಿಂದೆ ದೂರದಲ್ಲಿ ಆ ಗೇಟು ಹಾಗೇ ತೆರೆದುಕೊಂಡಿರುತ್ತದೆ, ದನಗಳೂ ಅಲ್ಲೇ ಇವೆ. ಹಾರ್ಲನ್ನನ ಟಾಕೀಸಿನಲ್ಲಿ ಇದನ್ನು ಹಾಕಿದ ರಾತ್ರಿ ಮೈದಾನದಲ್ಲಿ ಒಬ್ಬರಾದರೂ ನಾಯಕನ ಮಾತು ಕೇಳಿಸಿಕೊಂಡಿದ್ದರೆ ಕೇಳಿ. ಮೊದಲು ಗೊಣಗಾಟ, ಆಮೇಲೆ ಯಾರೋ ಕಾರಿನ ಗಾಜು ಇಳಿಸಿ, “ಗೇಟು! ಗೇಟು!” ಎಂದರು. “ಏಯ್, ಅಳೋದು ಆಮೇಲೆ ಅಳೋವಂತೆ, ಮೊದ್ಲು ಹೋಗಿ ಆ ಗೇಟು ಹಾಕೋ ಮಾರಾಯ!” ಎಂದು ಹಾರ್ಲನ್ ತೆರೆಗೇ ಬೈದ. ಕೊನೆಗೆ ತಮ್ಮ ನೀರು ಬಂದು ಗೇಟು ಮುಳುಗಿದಾಗ ಎಲ್ಲರೂ ಉಸಿರು ಬಿಟ್ಟೆವು. ಒಂದು ಊರು ಮುಳುಗಿದ್ದಕ್ಕೆ ಪ್ರೇಕ್ಷಕರಿಗೆ ಇಷ್ಟು ನೆಮ್ಮದಿ ಕೊಟ್ಟ ಚಿತ್ರ ಇನ್ನೊಂದಿರಲಾರದು.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಆದರೆ ತಮ್ಮ ಕಚೇರಿಯವರು, ಹೊಸ ಚಿತ್ರಕ್ಕೆ ಹಳೆಯದು ಅಡ್ಡ ಬರಬಾರದೆಂದು, ಹಾರ್ಲನ್ ತನ್ನ ಆಲೂಗಡ್ಡೆಯ ನೆಲಮಾಳಿಗೆಯಲ್ಲಿ ತಂಪಾಗಿಟ್ಟು ಸಾಕಿಕೊಂಡಿದ್ದ ರೀಲುಗಳನ್ನು ತರಿಸಿಕೊಂಡು ಬೀಗ ಹಾಕಿದ್ದಾರೆ. ಇನ್ನು ಎಲ್ಲಿಯೂ ಹಳೆಯದನ್ನು ತೋರಿಸುವಂತಿಲ್ಲವಂತೆ. ಕೊನೆಯ ಶನಿವಾರಕ್ಕೆ ತಮ್ಮ ಹೊಸ ಚಿತ್ರವನ್ನೇ ರಿಯಾಯಿತಿಯಲ್ಲಿ ಕಳಿಸುತ್ತಾರಂತೆ.

ತಮಗೆ ಅಷ್ಟು ನೀರು ಮಾಡುವ ಯಂತ್ರಗಳಿವೆ. ಒಬ್ಬ ಗಂಡಸನ್ನು ಮಾಡಿಸುವುದು ಏನು ಮಹಾ? ತಮ್ಮ ಚಿತ್ರದ ಆ ಗೇಟಿನ ಹತ್ತಿರ ದಯವಿಟ್ಟು ಆರ್ವಿಡ್‌ನನ್ನು ನಿಲ್ಲಿಸಿ. ಆರಡಿಗಿಂತ ಸ್ವಲ್ಪ ಕುಳ್ಳು, ಎಡಗಡೆ ವಾಲಿ ನಡೆಯುತ್ತಾನೆ, ಟೋಪಿಯ ಅಂಚಿನಲ್ಲಿ ಹಲ್ಲಿನ ಗುರುತಿದೆ. ಕುಣಿಕೆ ಮೊದಲ ಸಲ ಜಾರಬೇಕು. ದನಿಗೆ ಯಾರೂ ಸಿಗದಿದ್ದರೆ ಗಂಟಲು ಕಟ್ಟಿದ ಯಾವುದಾದರೂ ಸಾಧು ಪ್ರಾಣಿಯನ್ನು ಬಳಸಿಕೊಳ್ಳಬಹುದು. ಇದು ಕಷ್ಟವೆನಿಸಿದರೆ ಇನ್ನೊಂದು ದಾರಿಯಿದೆ, ಅದಕ್ಕೆ ಯಂತ್ರವೇ ಬೇಡ: ಹಳೆಯ ರೀಲುಗಳನ್ನು ಒಂದೇ ಒಂದು ಸಂಜೆಗೆ ಕಳಿಸಿಕೊಡಿ. ಅವನು ಹೋದ ಮೇಲೆ ಇದು ಅಂಥ ಮೊದಲ ಶನಿವಾರ. ನನಗೆ ಅವನನ್ನು ನೋಡಬೇಕು, ಮಾನ್ಯರೇ. ಅಷ್ಟೇ.

ಕಳಿಸದಿದ್ದರೂ ನಾವು ಸೇರುತ್ತೇವೆ. ತಮ್ಮ ರಿಯಾಯಿತಿ ಬೇಡ, ಏನನ್ನೂ ಹಾಕಬೇಡವೆಂದು ಹಾರ್ಲನ್ನನಿಗೆ ಹೇಳಿಯಾಗಿದೆ. ಬಿಳಿಯ ಪರದೆ ತಮ್ಮ ಸ್ವತ್ತಲ್ಲವೆಂದು ವಕೀಲರನ್ನೂ ಕೇಳಿಕೊಂಡಿದ್ದೇವೆ. ಆ ಚಿತ್ರ ಊರಿಗೆಲ್ಲ ಬಾಯಿಪಾಠ. ಖಾಲಿ ಪರದೆಯನ್ನು ನೋಡುತ್ತ ಕೂರುತ್ತೇವೆ. ಬ್ಯಾಂಕು ಬರುವ ಹೊತ್ತಿಗೆ ಮೇವಿಸ್ ತಲೆ ಬಾಚಿಕೊಂಡು ತನ್ನ ಹಾರ್ನ್ ಹೊಡೆಯುತ್ತಾಳೆ, ಹುಲ್ಲುಗಾವಲು ಬರುವ ಹೊತ್ತಿಗೆ ನಾನು ಆರ್ವಿಡ್‌ನ ಗಾಡಿಯದನ್ನು ಹೊಡೆಯುತ್ತೇನೆ. ಇಷ್ಟು ವರ್ಷ ಆ ಹಾರ್ನ್ ಅವನೇ ಹೊಡೆಯುತ್ತಿದ್ದ, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ತಮ್ಮ ಚಿತ್ರದಲ್ಲಿ ಮೆಚ್ಚಬಹುದಾದದ್ದನ್ನೆಲ್ಲ ಮೆಚ್ಚಿ ಮುಗಿಸಿರುವ,

ತಮ್ಮ ವಿಶ್ವಾಸಿ,
ವರ್ನಾ ಓಸ್ಟ್‌ಗಾರ್ಡ್
ಹ್ಯಾಸ್ಕೆಟ್, ಮೊಂಟಾನಾ

ವಿ.ಸೂ.: ಎರಡು ವರ್ಷದ ಹಿಂದೆ ತಮ್ಮ ಕಡೆಯ ಇಬ್ಬರು ಸಭ್ಯರು ಜಾಗ ನೋಡಲೆಂದು ನಮ್ಮ ಹುಲ್ಲುಗಾವಲಿಗೆ ಬಂದು ಹೋದರು. ಅವರು ಹೋದ ಮೇಲೆ ನಮ್ಮ ದನಗಳೆಲ್ಲ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಸಿಕ್ಕವು. ಆರ್ವಿಡ್‌ಗೆ ಆಗಲೇ ಉಸಿರು ಹಿಡಿಯುತ್ತಿತ್ತು; ಆದರೂ ನಡೆದುಹೋಗಿ, ಹಿಡಿದು ತಂದು, ಕಂಬ ತಬ್ಬಿಕೊಂಡು ಕುಣಿಕೆ ಹಾಕಿದ. ಅದು ಅವನು ಕೊನೆಯದಾಗಿ ಹಾಕಿದ ಗೇಟು. ರೀಲು ತಲುಪಿಸಲು ತಮ್ಮವರು ಬಂದರೆ ಕಾಫಿ ಕೊಡುತ್ತೇನೆ, ಒಳಗೆ ಬಂದ ಮೇಲೆ ಗೇಟು ಹಾಕಿಕೊಂಡು ಬರಲಿ.