ದರ್ಜಿಯ ಕೈಗೆ ಕತ್ತರಿ

“ನನ್ನ ಕೈಗೆ ಕತ್ತರಿ ಹಾಕೋಕೆ ಅವನ್ಯಾರೇ?”

ದರ್ಜಿ ಬಲಗೈ ಕೊಡವಿಕೊಂಡ. ಮಣಿಕಟ್ಟಿನೊಳಗೆ ನರ ಅದುಮಿಹೋಗಿ ಬೆರಳುಗಳು ಜೋಮು ಹಿಡಿದಿದ್ದವು. ಸೂಜಿ ಹಿಡಿದಿದ್ದಾನೋ ಬಿಟ್ಟಿದ್ದಾನೋ ಅವನಿಗೇ ತಿಳಿಯುತ್ತಿರಲಿಲ್ಲ. ಜಂಭಕ್ಕೆ ಮಾತ್ರ ಏನೂ ಕಡಿಮೆಯಾಗಿರಲಿಲ್ಲ.

ಹೆಂಡತಿ: ಡಾಕ್ಟ್ರು ರೀ, ದಾರೀಲಿ ಹೋಗೋರಲ್ಲ. ಸಣ್ಣ ಗಾಯ ಮಾಡಿ, ಕ್ಯಾಮೆರಾ ತೂರಿಸಿ, ನರದ ಮೇಲೆ ಬಿಗಿದಿರೋ ಪಟ್ಟಿ ಕತ್ತರಿಸ್ತಾರೆ. ಸಂಜೆಗೆ ಮನೆ.

ದರ್ಜಿ: ಸಣ್ಣ ಗಾಯ! ಪೂರ್ತಿ ಬಿಚ್ಚದೆ ಒಳಗಿಂದು ಏನು ಕಾಣುತ್ತೆ? ಕೆಲಸ ಬರದವರ ಕತೆ ಅದು.

ಹೆಂಡತಿ: ಹೌದೌದು. ಲೈನಿಂಗ್ ಹಾಕುವಾಗ ತೋಳಲ್ಲಿ ಚೂರು ಸಂದಿ ಬಿಟ್ಟು, ಒಳಮೈ ಹೊರಗಾಗಿರೋ ಇಡೀ ಕೋಟನ್ನ ಅದರಿಂದಲೇ ಎಳೆದು ತಿರುವ್ತೀರಲ್ಲ, ನಿಮಗೂ ಕೆಲಸ ಬರಲ್ಲ ಅಂತಾಯ್ತು.

ದರ್ಜಿ: ಕೋಟು ಕೆಟ್ರೆ ಬಿಚ್ಚಿ ಹೊಲೀಬಹುದು ಕಣೇ. ಕೈ?

ಹೆಂಡತಿ: ಅಯ್ಯೋ, ಬಂಗಾರದ ಕೈ!

ದರ್ಜಿ: ಮತ್ತೆ? ನಿನ್ನೆ ಕೋಟು ಒಯ್ಯೋಕೆ ಬಂದ ಮೇಷ್ಟ್ರು “ಕಾಜಾ ಅಂದ್ರೆ ಇದಪ್ಪಾ” ಅಂತ ಕೋಟಿನ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿ ಮೆಚ್ಚಲಿಲ್ವಾ? ಈ ಕೈಯ ಕೆಲಸ ಅದು!

ಹೆಂಡತಿ ಗೂಟದಿಂದ ಎರಡು ಕೋಟು ಇಳಿಸಿ ಮೇಜಿನ ಮೇಲೆ ಹರಡಿದಳು. ಒಂದರ ಕಾಜಾಗಳಲ್ಲಿ ದಾರ ಅಡ್ಡಾದಿಡ್ಡಿ ಓಡಿತ್ತು. ಇನ್ನೊಂದರಲ್ಲಿ ಹೆಸರಿಡುವಂತಿರಲಿಲ್ಲ.

ಹೆಂಡತಿ: ಇದು ನೀವು ಬೆಳಗ್ಗೆ ಮುಗಿಸಿದ್ದು. ಇದು ನಾನು ಬಿಚ್ಚಿ ಮತ್ತೆ ಹಾಕಿದ್ದು. ಮೇಷ್ಟ್ರದ್ದೂ ನಾನೇ. ನೀವು ಬೀಗ್ತಾ ನಿಂತಿದ್ರಿ, ಪಾಪ ಅಂತ ಸುಮ್ಮನಿದ್ದೆ.

ದರ್ಜಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಕೈ ಹೋದರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ದರ್ಜಿ: ಆಯ್ತು ತಾಯಿ. ಸೋಮವಾರ ಬರ್ತೀನಿ ಅಂತ ಡಾಕ್ಟ್ರಿಗೆ ಹೇಳಿಬಿಡು.

ಹೆಂಡತಿ: ಸೋಮವಾರ ಆಗಲ್ಲ. ಅವತ್ತು ನನಗೆ ಮಾಡ್ತಾರೆ.

ದರ್ಜಿ: ನಿನಗೇನಾಗಿದೆ?

ಹೆಂಡತಿ: ನಿಮ್ಮ ಕಾಜಾ ಬಿಚ್ಚಿ ಬಿಚ್ಚಿ ನನಗೂ ಅದೇ ಬಂದಿದೆ. ನಿಮಗೆ ಬುದ್ಧಿ ಬರೋವರೆಗೂ ಡಾಕ್ಟ್ರು ಕಾಯ್ತಾರಾ?

ದರ್ಜಿ ಕರಗಿಹೋದ. ಮೆಲ್ಲಗೆ ಅವಳ ಕೈ ಹಿಡಿದುಕೊಂಡ. ಹಿಡಿದದ್ದು ಅವನಿಗೂ ಸರಿಯಾಗಿ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ದರ್ಜಿ: ಇಬ್ಬರಿಗೂ ಒಂದೇ ದಿನ ಮಾಡಲ್ವಂತಾ?

ಹೆಂಡತಿ: ಮಾಡಿದ್ರೆ ಅಡುಗೆ ಯಾರು ಮಾಡೋದು? ಮೊದಲು ನನ್ನದು. ನನ್ನ ಕೈ ಸರಿಹೋಗೋವರೆಗೂ ಒಲೆ ಮುಂದೆ ನೀವು.

ದರ್ಜಿ: ನನ್ನ ಅಡುಗೆ ನೀನು ತಿಂತೀಯಾ?

ಹೆಂಡತಿ: ಅದಕ್ಕೇ ರೀ, ಕೈಗೆ ಕೊಡೋ ಮರಗಟ್ಟಿಸೋ ಇಂಜೆಕ್ಷನ್ ನಾಲಿಗೆಗೂ ಒಂದು ಕೊಡ್ತೀರಾ ಅಂತ ಡಾಕ್ಟ್ರನ್ನ ಆಗ್ಲೇ ಕೇಳಿದೀನಿ.