ಬೇಸ್‌ಬಾಲ್ ಮುನ್ನೋಟ ಮತ್ತು ಶನಿವಾರದ ಒಗೆತದ ಪಾಳಿ

ಮುನ್ನೋಟ ಇಲಾಖೆ
(ಆರು ಕನ್ನಡ ಕುಟುಂಬಗಳ ಒಕ್ಕೂಟದ ಅಧೀನಕ್ಕೆ ಒಳಪಟ್ಟಿದೆ)
ನಾಲ್ಕನೇ ಮಹಡಿ, ಬಿ ಮೆಟ್ಟಿಲು, ಸೋಲ್ನಾ, ಸ್ವೀಡನ್

ಸಂಖ್ಯೆ: ಮುಇ/ಬೇಬಾ/ಒಪಾ/೧೪/ಶನಿ
ದಿನಾಂಕ: ೧೩ನೇ ಅಕ್ಟೋಬರ್

ಸುತ್ತೋಲೆ

ವಿಷಯ: ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಋತುವಿನ ಅಂತಿಮ ಸುತ್ತುಗಳಲ್ಲಿ ಸೆಣಸುವ ತಂಡಗಳ ಕುರಿತು ಮುನ್ನೋಟ ಸಲ್ಲಿಸುವಾಗ ಕೆಲವರು ವಿಷಯ ತಿಳಿದುಕೊಂಡು ಮಾತನಾಡುತ್ತಿರುವ ಬಗ್ಗೆ.

ಉಲ್ಲೇಖ: ೧) ಈ ಇಲಾಖೆಯ ಮೌಖಿಕ ಆದೇಶ, ಲಿಫ್ಟಿನಲ್ಲಿ ನೀಡಿದ್ದು.
೨) ಶ್ರೀಮತಿ ನಫೀಸಾ, ಫ್ಲಾಟ್ ೨೬, ಇವರ ಒಂದೂವರೆ ಪುಟದ ಮುನ್ನೋಟ.
೩) ಶ್ರೀಮತಿ ಶಕುಂತಲಾ, ಫ್ಲಾಟ್ ೪೧, ಇವರ ಎಚ್ಚರಿಕೆ, ಅಡುಗೆಮನೆಯಿಂದ ಹೊರಡಿಸಿದ್ದು.

ಪ್ರಸ್ತಾವನೆ:

ಈ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಬಟ್ಟೆ ಒಗೆಯುವ ಕೋಣೆ ಒಂದೇ ಇದ್ದು, ಅಲ್ಲಿನ ಶನಿವಾರ ಬೆಳಗಿನ ಒಂಬತ್ತರಿಂದ ಹನ್ನೆರಡರ ಪಾಳಿಗಾಗಿ ಸಭ್ಯಸ್ಥರೂ ಹಲ್ಲು ಮಸೆಯುತ್ತಾರೆಂಬುದು ಸರ್ವವಿದಿತ. ಕಟ್ಟಡದವರ ಹಂಚಿಕೆಯಲ್ಲಿ ಸದರಿ ಪಾಳಿಯು ಕನ್ನಡ ಕುಟುಂಬಗಳ ಪಾಲಿಗೆ ಬಂದಿದ್ದು, ಆರು ಮನೆಗಳ ಪೈಕಿ ವರ್ಷಕ್ಕೆ ಒಂದು ಮನೆಗೆ ಮಾತ್ರ ಅದು ಸಲ್ಲುತ್ತದೆ. ಉಳಿದ ಐದು ಮನೆಯವರು ಮಂಗಳವಾರ ಬೆಳಿಗ್ಗೆ ಏಳಕ್ಕೆ, ಅಥವಾ ಅದಕ್ಕಿಂತ ಕೆಟ್ಟ ಹೊತ್ತಿನಲ್ಲಿ, ಒಗೆದುಕೊಳ್ಳತಕ್ಕದ್ದು.

ಪಾಳಿ ಯಾರಿಗೆ ಎಂಬುದನ್ನು ಆಟದ ಮುನ್ನೋಟದ ಮೂಲಕ ತೀರ್ಮಾನಿಸುವ ಪದ್ಧತಿಯಿದೆ. ಯಾರು ಹೇಳಿದ ತಂಡ ಕಪ್ ಎತ್ತುತ್ತದೋ ಅವರ ಮನೆಗೆ ಪಾಳಿ. ಮೊದಲ ವರ್ಷ ಕ್ರಿಕೆಟ್ ಇಟ್ಟುಕೊಳ್ಳಲಾಗಿತ್ತು. ಕ್ರಿಕೆಟ್ ಎಲ್ಲರಿಗೂ ಗೊತ್ತಿದ್ದ ಕಾರಣ ಎಲ್ಲರೂ ಬಾಯಿ ಹಾಕಿ, ಫ್ಲಾಟ್ ೩೩ರ ಶ್ರೀ ಶಿವಪ್ರಸಾದ ಹಾಗೂ ಈ ಇಲಾಖೆಯ ಮುಖ್ಯಸ್ಥರಾದ ಶ್ರೀ ಬದರಿನಾಥ (ಇನ್ನು ಮುಂದೆ ‘ಕೆಳಸಹಿದಾರರು’) ಆರು ವಾರ ಮಾತು ಬಿಟ್ಟರು. ಆದ್ದರಿಂದ ಆಗ ಇದ್ದ ಮನೆಗಳಲ್ಲಿ ಒಬ್ಬರಿಗೂ ತಲೆಬುಡ ತಿಳಿಯದ ಆಟವೊಂದನ್ನು ಹುಡುಕಿ, ಬೇಸ್‌ಬಾಲನ್ನು ಸರ್ವಾನುಮತದಿಂದ ಆಯ್ಕೆ ಮಾಡಲಾಯಿತು. ಯಾರ ಮುನ್ನೋಟವೂ ಸರಿಹೋಗದಿದ್ದಲ್ಲಿ ಹಾಲಿ ಪಾಳಿದಾರರೇ ಮುಂದುವರಿಯತಕ್ಕದ್ದೆಂಬ ನಿಯಮವನ್ನು ಹಾಲಿ ಪಾಳಿದಾರರೇ ರಚಿಸಿದರು. ಹಾಲಿ ಪಾಳಿದಾರರು ಕೆಳಸಹಿದಾರರೇ ಆಗಿರುವುದು ಕಾಕತಾಳೀಯ.

ಈ ವ್ಯವಸ್ಥೆಯು ಮೂರು ವರ್ಷ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಕಳೆದ ಮಾರ್ಚ್‌ನಲ್ಲಿ ಯೋನ್‌ಶೋಪಿಂಗ್ ಊರಿನಿಂದ ಶ್ರೀಮತಿ ನಫೀಸಾ ಅವರ ಕುಟುಂಬ ಫ್ಲಾಟ್ ೨೬ಕ್ಕೆ ಬಂದು ಸೇರಿತು. ಅಲ್ಲಿಂದ ಮುಂದಿನದಕ್ಕೆ ಸುತ್ತೋಲೆ ಬೇಕಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ಸಂಬಂಧವಿಲ್ಲದೆ ತಲೆ ಹಾಕುವವರಿಗೂ, ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

೧. ಪ್ರಸಕ್ತ ಸಾಲಿನಲ್ಲಿ ಸ್ವೀಕೃತವಾದ ಮುನ್ನೋಟಗಳನ್ನು ಪರಿಶೀಲಿಸಲಾಗಿದೆ. ಶ್ರೀ ಶಿವಪ್ರಸಾದ ಅವರು ಅಂಗಿಯ ಬಣ್ಣ ನೋಡಿ ತಂಡ ಆರಿಸಿರುತ್ತಾರೆ. ಫ್ಲಾಟ್ ೧೮ರ ಶ್ರೀಮತಿ ನಿವೇದಿತಾ ಅವರು ತಮ್ಮ ಚಿಕ್ಕಪ್ಪ ವಾಸವಿರುವ ಊರಿನ ತಂಡವನ್ನು ಬರೆದು, ಆ ಊರಿಗೆ ತಂಡವಿದೆಯೇ ಎಂದು ಕೊನೆಯಲ್ಲಿ ಕೇಳಿರುತ್ತಾರೆ. ಕೆಳಸಹಿದಾರರು, ಒಗೆತಕ್ಕೆ ಶುಭಸೂಚಕವೆಂದು ಭಾವಿಸಿ, ಕಾಲುಚೀಲದ ಹೆಸರುಳ್ಳ ತಂಡವನ್ನು ಆರಿಸಿದ್ದು, ಸದರಿ ತಂಡವು ಅಂತಿಮ ಸುತ್ತುಗಳಿಗೆ ಬಂದ ಹನ್ನೆರಡರಲ್ಲಿ ಇಲ್ಲವೇ ಇಲ್ಲವೆಂದು ತರುವಾಯ ತಿಳಿದುಬಂದಿರುತ್ತದೆ. ಇವೆಲ್ಲವೂ ಪದ್ಧತಿಗೆ ಅನುಗುಣವಾಗಿದ್ದು, ಪ್ರಶಂಸನೀಯ.

೨. ಶ್ರೀಮತಿ ನಫೀಸಾ ಅವರು ಮಾತ್ರ ಒಂದೂವರೆ ಪುಟ ಬರೆದಿರುತ್ತಾರೆ. ಋತುವಿನ ನೂರಾರು ಪಂದ್ಯಗಳಿಗೆ ಐದು ಜನ ಒಳ್ಳೆಯ ಚೆಂಡೆಸೆಗಾರರು ಬೇಕು, ಆದರೆ ನಾಲ್ಕಾರು ಪಂದ್ಯಗಳ ಸರಣಿಗೆ ದಣಿಯದ ಇಬ್ಬರು ಸಾಕು. ಆದುದರಿಂದ ಅಂಕಪಟ್ಟಿಯಲ್ಲಿ ಮೇಲಿದ್ದರೂ ದಣಿದು ಬಂದಿರುವ ತಂಡಗಳನ್ನು ನೆಚ್ಚಬಾರದು ಎಂಬುದು ಅದರ ಸಾರ. ಜೊತೆಗೆ, ಯಾರೂ ಕೇಳದಿದ್ದರೂ, ಮೊದಲ ಸುತ್ತಿನ ನಾಲ್ಕು ಸರಣಿಗಳನ್ನು ಯಾರು ಗೆಲ್ಲುತ್ತಾರೆಂದು ಬರೆದಿರುತ್ತಾರೆ. ನಾಲ್ಕೂ ಸರಿಯಾಗಿರುತ್ತವೆ. ವಿಚಾರಿಸಲಾಗಿ, ಸದರಿಯವರು ಕಳೆದ ಮೂರು ಬೇಸಿಗೆಗಳಲ್ಲಿ ಮಕ್ಕಳ ಬೇಸ್‌ಬಾಲ್ ತಂಡವೊಂದಕ್ಕೆ ಸ್ಕೋರ್ ಬರೆಯುತ್ತಿದ್ದರೆಂಬ ಆಘಾತಕಾರಿ ಅಂಶ ಬೆಳಕಿಗೆ ಬಂದಿರುತ್ತದೆ. “ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂಬ ಇಲಾಖೆಯ ಪ್ರಶ್ನೆಗೆ ಅವರು, “ನೀವು ಕೇಳ್ಲೇ ಇಲ್ವಲ್ಲ ಸರ್, ಪ್ರಿವ್ಯೂ ಬರೀರಿ ಅಂದ್ರಿ, ಬರ್ದೆ,” ಎಂದು ಉತ್ತರಿಸಿದ್ದು, ಉತ್ತರವು ಸಮಂಜಸವಾಗಿದ್ದ ಕಾರಣ ಅಸಮಾಧಾನ ವ್ಯಕ್ತಪಡಿಸಲಾಗಿದೆ.

೩. ಈ ಸಂದರ್ಭದಲ್ಲಿ ಕೆಳಸಹಿದಾರರಿಗೆ ಹೊಟ್ಟೆ ಉರಿದಿರುತ್ತದೆ ಎಂಬುದನ್ನು ದಾಖಲೆಗಾಗಿ ನಮೂದಿಸಲಾಗಿದೆ. ಎಂಟು ವರ್ಷ ಈ ದೇಶದಲ್ಲಿದ್ದು, ಕಚೇರಿಯಲ್ಲಿ ಸಣ್ಣವರ ಕೈಕೆಳಗೆ ಕೆಲಸ ಮಾಡಿ, ಮನೆ ಬಾಡಿಗೆಯಿಂದ ಮಕ್ಕಳ ಡಾಗಿಸ್ ಎಂಬ ಶಿಶುವಿಹಾರದವರೆಗೆ ಎಲ್ಲದಕ್ಕೂ ಸರದಿಯಲ್ಲಿ ನಿಂತವರಿಗೆ, ಶನಿವಾರ ಒಂಬತ್ತಕ್ಕೆ ಬಟ್ಟೆ ಬುಟ್ಟಿ ಹಿಡಿದು ಮೆಟ್ಟಿಲಿಳಿಯುವಾಗ ನಾಲ್ಕು ಜನ ದಾರಿ ಬಿಡುತ್ತಿದ್ದರು. ಅದೊಂದೇ ಅವರಿಗಿದ್ದ ಅಧಿಕಾರ. ಇದಲ್ಲದೆ, ಉಲ್ಲೇಖ (೩)ರಲ್ಲಿ ಅವರ ಪತ್ನಿಯವರು, “ರೀ, ಶನಿವಾರ ಹೋಯ್ತು ಅಂದ್ರೆ ಮಂಗಳವಾರ ಬೆಳಿಗ್ಗೆ ಏಳಕ್ಕೆ ನೀವೇ ಇಳೀಬೇಕು, ಬೆಡ್‌ಶೀಟ್ ಎಲ್ಲಾ ಸೇರ್ಸಿ. ನಾನಂತೂ ಬರಲ್ಲ, ಹೇಳಿದೀನಿ,” ಎಂದು ಸ್ಪಷ್ಟಪಡಿಸಿರುತ್ತಾರೆ.

೪. ಮೇಲಿನ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ವಿಷಯ ತಿಳಿದವರು ಮುನ್ನೋಟ ನೀಡುವುದು ತಿಳಿಯದವರಿಗೆ ಮಾಡುವ ಅನ್ಯಾಯವೆಂದು ಮನಗಂಡು, ಈವರೆಗಿನ ಎಲ್ಲ ಮುನ್ನೋಟಗಳನ್ನು ರದ್ದುಪಡಿಸಲಾಗಿದೆ. ಅಂತಿಮ ಸುತ್ತುಗಳು ಅರ್ಧ ಮುಗಿದಿರುವುದು ಇದಕ್ಕೆ ಅಡ್ಡಿಯಾಗುವುದಿಲ್ಲ. ಇನ್ನು ಮುಂದೆ ಮುನ್ನೋಟ ನೀಡುವ ಹಕ್ಕು ಪ್ರಮಾಣೀಕೃತ ಅಜ್ಞಾನಿಗಳಿಗೆ ಮಾತ್ರ ಇರತಕ್ಕದ್ದು.

೫. ಹೊಸ ಮುನ್ನೋಟಗಳಲ್ಲಿ ಈ ಕೆಳಗಿನ ವಾಕ್ಯಗಳನ್ನು ಮಾತ್ರ ಬಳಸತಕ್ಕದ್ದು: “ಮೇಲ್ನೋಟಕ್ಕೆ ತಂಡ ಬಲಿಷ್ಠವಾಗಿದೆ.” “ಒತ್ತಡ ನಿಭಾಯಿಸಿದವರದ್ದೇ ಮೇಲುಗೈ.” “ಯಾರನ್ನೂ ಹಗುರವಾಗಿ ಪರಿಗಣಿಸುವಂತಿಲ್ಲ.” “ಆಟದಲ್ಲಿ ಏನು ಬೇಕಾದರೂ ಆಗಬಹುದು.” ಈ ವಾಕ್ಯಗಳು ಎಲ್ಲ ಆಟಗಳಿಗೂ, ಎಲ್ಲ ವರ್ಷಗಳಿಗೂ ಹೊಂದುತ್ತವೆಂದೂ, ಇವುಗಳನ್ನೇ ನಂಬಿ ಎಷ್ಟೋ ಪಂಡಿತರು ಟಿವಿಯಲ್ಲಿ ಕೋಟು ಹಾಕಿಕೊಂಡು ಸಂಸಾರ ಸಾಗಿಸುತ್ತಿದ್ದಾರೆಂದೂ ಇಲಾಖೆ ಬಲ್ಲದು. “ಯಾಕೆಂದರೆ” ಎಂಬ ಪದದಿಂದ ಆರಂಭವಾಗುವ ವಾಕ್ಯಗಳನ್ನು ಸ್ವೀಕರಿಸಲಾಗುವುದಿಲ್ಲ.

೬. ತಂಡಗಳ ಹೆಸರು ಉಚ್ಚರಿಸುವುದರಲ್ಲಿ ಒಮ್ಮತವಿಲ್ಲದ ಕಾರಣ, ಅವುಗಳನ್ನು (ಅ) ಹಕ್ಕಿಯ ಚಿತ್ರವುಳ್ಳವು, (ಆ) ಹಕ್ಕಿಯ ಚಿತ್ರವಿಲ್ಲದವು, (ಇ) ಟೋಪಿಯ ಮೇಲಿನ ಅಕ್ಷರ ಓದಲಾಗದವು, ಎಂದು ವಿಂಗಡಿಸಲಾಗಿದೆ. ಒಂದೇ ತಂಡ ಎರಡು ವರ್ಗಗಳಿಗೆ ಸೇರಿದಲ್ಲಿ ಅದನ್ನು ಬಲಿಷ್ಠ ತಂಡವೆಂದು ತಿಳಿಯತಕ್ಕದ್ದು.

೭. ಲಿಫ್ಟಿನಲ್ಲಿ, ಲೋಕಲ್ ಟ್ರೈನಿನಲ್ಲಿ ಅಥವಾ ಫೀಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ ಯಾರಾದರೂ ಬೇಸ್‌ಬಾಲ್ ಬಗ್ಗೆ ಮಾತನಾಡುವುದು ಕಿವಿಗೆ ಬಿದ್ದು, ಅಕಸ್ಮಾತ್ತಾಗಿ ಏನಾದರೂ ಅರ್ಥವಾದಲ್ಲಿ, ಅಂಥವರು ಇಪ್ಪತ್ನಾಲ್ಕು ಗಂಟೆಯೊಳಗೆ ಇಲಾಖೆಗೆ ಲಿಖಿತವಾಗಿ ತಿಳಿಸತಕ್ಕದ್ದು. ಅರ್ಥವಾದದ್ದನ್ನು ಮರೆಯಲು ಏಳು ದಿನಗಳ ಕಾಲಾವಕಾಶ ನೀಡಲಾಗುವುದು. ಮರೆತ ಬಗ್ಗೆ ಸ್ವಯಂ ದೃಢೀಕರಣ ಪತ್ರವನ್ನು ಸಲ್ಲಿಸತಕ್ಕದ್ದು. ಏನನ್ನು ಮರೆತಿದ್ದೇವೆಂದು ಅದರಲ್ಲಿ ವಿವರವಾಗಿ ಬರೆದವರ ಪತ್ರ ತಿರಸ್ಕೃತವಾಗುವುದು.

೮. ಅಜ್ಞಾನವನ್ನು ಪ್ರಮಾಣೀಕರಿಸಲು ಹತ್ತು ಪ್ರಶ್ನೆಗಳ ಪರೀಕ್ಷೆ ನಡೆಸತಕ್ಕದ್ದು. ಪ್ರತಿ ಪ್ರಶ್ನೆಗೆ ಎರಡು ಉತ್ತರಗಳಿದ್ದು, ಒಂದು ಸರಿ, ಒಂದು ತಪ್ಪು. ಹತ್ತಕ್ಕೆ ಹತ್ತೂ ತಪ್ಪು ಮಾಡಿದವರು ಮಾತ್ರ ಉತ್ತೀರ್ಣರು. ಒಂದೇ ಒಂದು ಸರಿಯುತ್ತರ ಬರೆದರೂ ಅಭ್ಯರ್ಥಿಯು ವಿಷಯ ಬಲ್ಲವನೆಂದು ಘೋಷಿಸಲಾಗುವುದು. ಅನುತ್ತೀರ್ಣರಾದ ಎಲ್ಲರಿಂದ ಮುನ್ನೋಟದ ಹಕ್ಕನ್ನೂ ಪಾಳಿಯ ಹಕ್ಕನ್ನೂ ಹಿಂಪಡೆಯಲಾಗುವುದು. ಪರೀಕ್ಷೆ ಎಲ್ಲರಿಗೂ ಕಡ್ಡಾಯ. ಶ್ರೀಮತಿ ನಫೀಸಾ ಒಬ್ಬರಿಗೇ ಪರೀಕ್ಷೆ ಇಟ್ಟರೆ ಸಾಕೆಂಬುದು ಇಲಾಖೆಯ ಮೂಲ ಅಭಿಪ್ರಾಯವಾಗಿತ್ತು. ಆದರೆ ಶ್ರೀಮತಿ ನಿವೇದಿತಾ ಅವರು ಸಭೆಯಲ್ಲಿ, “ಅವ್ರೊಬ್ರಿಗೇ ಅಂದ್ರೆ ಫೇರ್ ಅನ್ಸಲ್ಲ ಬದರಿ, ಇಲ್ಲಿ ಹಾಗೆಲ್ಲ ಮಾಡಲ್ಲ,” ಎಂದು ಹೇಳಿ, ಎಲ್ಲರೂ ತಲೆಯಾಡಿಸಿದ್ದರಿಂದ, ಕೆಳಸಹಿದಾರರೂ ತಲೆಯಾಡಿಸಬೇಕಾಗಿ ಬಂದಿರುತ್ತದೆ.

೯. ಈ ಸುತ್ತೋಲೆಯ ಕರಡು ಸಿದ್ಧವಾಗಿ ಟೈಪಾಗುವ ಮೊದಲೇ, ಅಂದರೆ ನಿನ್ನೆ ಭಾನುವಾರ, ಪರೀಕ್ಷೆ ನಡೆದುಹೋಗಿರುವುದರಿಂದ ಫಲಿತಾಂಶವನ್ನು ಇಲ್ಲಿಯೇ ಸೇರಿಸಲಾಗಿದೆ. ನೆಲಮಹಡಿಯ ಸ್ವೀಡಿಷ್ ಅಜ್ಜಿ ಶ್ರೀಮತಿ ಗುನಿಲ್ಲಾ ಅವರು ಆಟದ ನಿಯಮಪುಸ್ತಕ ನೋಡಿ ಪ್ರಶ್ನೆ ತೆಗೆದು, ಅದನ್ನೇ ನೋಡಿ ಮೌಲ್ಯಮಾಪನ ಮಾಡಿರುತ್ತಾರೆ. ಡ್ರೈಯರ್‌ನ ಜಾಲರಿಯಲ್ಲಿ ನೂಲಿನ ಧೂಳು ಬಿಟ್ಟುಹೋದವರ ಮನೆಬಾಗಿಲಿಗೆ ಅದನ್ನೇ ಅಂಟಿಸಿ ಬರುವವರಾದ್ದರಿಂದ ಅವರ ನಿಷ್ಪಕ್ಷಪಾತದ ಬಗ್ಗೆ ಎರಡು ಮಾತಿಲ್ಲ. ಫಲಿತಾಂಶ ಇಂತಿದೆ:

(ಅ) ಶ್ರೀ ಶಿವಪ್ರಸಾದ: ಆರು ಸರಿ. ಇಷ್ಟು ತಿಳಿದಿದ್ದೂ ಅಂಗಿಯ ಬಣ್ಣ ನೋಡಿದ್ದೇಕೆಂದು ಕಾರಣ ಕೇಳಿ ನೋಟಿಸ್ ನೀಡಲಾಗಿದೆ. “ನಂಗೇ ಗೊತ್ತಿರ್ಲಿಲ್ಲ ಮಾರಾಯ, ನಂಗೆ ಇಷ್ಟು ಗೊತ್ತು ಅಂತ,” ಎಂದು ಅವರು ಹೆಮ್ಮೆಪಟ್ಟಿರುತ್ತಾರೆ.

(ಆ) ಶ್ರೀಮತಿ ನಿವೇದಿತಾ: ಎಲ್ಲವನ್ನೂ ಖಾಲಿ ಬಿಟ್ಟಿರುತ್ತಾರೆ. ಖಾಲಿ ಬಿಡುವುದು ವಿನಯವೇ ಹೊರತು ಅಜ್ಞಾನವಲ್ಲವಾದ್ದರಿಂದ ಅನುತ್ತೀರ್ಣ.

(ಇ) ಇನ್ನೆರಡು ಮನೆಗಳವರು: ತಲಾ ಐದು ಸರಿ. ಅನುತ್ತೀರ್ಣ.

(ಈ) ಕೆಳಸಹಿದಾರರು: ಒಂಬತ್ತು ತಪ್ಪು, ಒಂದು ಸರಿ. ಮೈದಾನದಲ್ಲಿ ಒಂದು ತಂಡದ ಆಟಗಾರರು ಹನ್ನೊಂದೋ ಒಂಬತ್ತೋ ಎಂಬ ಪ್ರಶ್ನೆಗೆ, ಕ್ರಿಕೆಟ್ಟಿನಂತೆ ಹನ್ನೊಂದೇ ಸರಿಯಿರಬೇಕೆಂದು ಬಹಳ ಹೊತ್ತು ಆಲೋಚಿಸಿ, ತಪ್ಪು ಬರೆಯುವ ಸದುದ್ದೇಶದಿಂದಲೇ ಒಂಬತ್ತು ಎಂದು ಬರೆದಿರುತ್ತಾರೆ. ಒಂಬತ್ತು ಸರಿಯಾಗಿರುತ್ತದೆ. ಆಟದ ಬಗ್ಗೆ ಮೂರು ವರ್ಷ ಕಷ್ಟಪಟ್ಟು ಏನನ್ನೂ ತಿಳಿದುಕೊಳ್ಳದೆ ಉಳಿದ ಅವರಿಗೆ ಈ ಫಲಿತಾಂಶ ಓದುವಾಗ ಕಣ್ಣಲ್ಲಿ ನೀರು ಬಂದಿರುತ್ತದೆ.

(ಉ) ಶ್ರೀಮತಿ ನಫೀಸಾ: ಹತ್ತಕ್ಕೆ ಹತ್ತೂ ತಪ್ಪು. ತೆಗೆದುಕೊಂಡ ಸಮಯ: ಎರಡು ನಿಮಿಷ.

೧೦. ಎಲ್ಲ ಸರಿಯುತ್ತರಗಳು ಗೊತ್ತಿದ್ದವರಿಗೆ ಮಾತ್ರ ಎಲ್ಲವನ್ನೂ ತಪ್ಪು ಬರೆಯಲು ಸಾಧ್ಯ, ಆದ್ದರಿಂದ ಇದು ಮೋಸ, ಎಂದು ಕೆಳಸಹಿದಾರರು ಸ್ಥಳದಲ್ಲಿಯೇ, ಎದ್ದು ನಿಂತು, ಮೇಜು ಕುಟ್ಟಿ ಆಕ್ಷೇಪಣೆ ಸಲ್ಲಿಸಿದರು. ಹಾಗೆಂದು ನಿಯಮದಲ್ಲಿ ಎಲ್ಲಿದೆ ತೋರಿಸಿ ಎಂದು ಶ್ರೀಮತಿ ಗುನಿಲ್ಲಾ ಕೇಳಿದರು. ನಿಯಮ ಬರೆದವರು ಕೆಳಸಹಿದಾರರೇ ಆಗಿದ್ದು, ತೋರಿಸಲು ಆಗಲಿಲ್ಲ. ಶ್ರೀಮತಿ ನಫೀಸಾ ಅವರು ತಮ್ಮ ಪೆನ್ನಿನ ಮುಚ್ಚಳ ಹಾಕುತ್ತಾ, “ರೂಲ್ಸ್ ನಿಮ್ದೇ ಸರ್. ನಾನು ಫಾಲೋ ಮಾಡ್ದೆ, ಅಷ್ಟೇ,” ಎಂದರು. ಉಳಿದವರು ನಕ್ಕಿರುತ್ತಾರೆ. ನಕ್ಕವರ ಹೆಸರುಗಳನ್ನು ಬರೆದಿಟ್ಟುಕೊಳ್ಳಲಾಗಿದ್ದು, ಎಲ್ಲರೂ ನಕ್ಕಿದ್ದರಿಂದ ಪಟ್ಟಿಯನ್ನು ಕೈಬಿಡಲಾಗಿದೆ.

೧೧. ಆದ್ದರಿಂದ, ಒಕ್ಕೂಟದ ವ್ಯಾಪ್ತಿಯಲ್ಲಿ ಬೇಸ್‌ಬಾಲ್ ಬಗ್ಗೆ ಏನೂ ತಿಳಿಯದ ಏಕೈಕ ವ್ಯಕ್ತಿ ಶ್ರೀಮತಿ ನಫೀಸಾ ಅವರೆಂದು ಈ ಮೂಲಕ ಅಧಿಕೃತವಾಗಿ ಘೋಷಿಸಲಾಗಿದೆ. ಮುನ್ನೋಟ ನೀಡುವ ಹಕ್ಕು ಇನ್ನು ಅವರೊಬ್ಬರಿಗೇ ಇರುವುದರಿಂದ, ಹಾಗೂ ಪಾಳಿಯ ಹಕ್ಕು ಉಳಿದ ಎಲ್ಲರಿಂದ ಖಂಡಿಕೆ ೮ರಂತೆ ಹಿಂಪಡೆಯಲ್ಪಟ್ಟಿರುವುದರಿಂದ, ಕಪ್ಪನ್ನು ಯಾವ ತಂಡ ಎತ್ತಿದರೂ ಶನಿವಾರದ ಪಾಳಿ ಫ್ಲಾಟ್ ೨೬ಕ್ಕೇ ಸಲ್ಲತಕ್ಕದ್ದು. ಹನ್ನೆರಡು ತಂಡಗಳ ಪೈಕಿ ಇನ್ನೂ ಉಳಿದಿರುವವು ಇದರಿಂದ ಎದೆಗುಂದದೆ ಆಟ ಮುಂದುವರಿಸಬಹುದು.

೧೨. ಕೆಳಸಹಿದಾರರಿಗೆ ಮಂಗಳವಾರ ಬೆಳಿಗ್ಗೆ ಏಳರ ಪಾಳಿಯನ್ನು ಹಂಚಿಕೆ ಮಾಡಲಾಗಿದೆ. ಬೆಡ್‌ಶೀಟ್‌ಗಳು ಸೇರಿದಂತೆ. ಈ ಆದೇಶವು ತಕ್ಷಣದಿಂದ ಜಾರಿಗೆ ಬರುತ್ತದೆ. ನಾಳೆ ಮಂಗಳವಾರ.

ಸಹಿ/-
(ಬದರಿನಾಥ)
ಮುಖ್ಯಸ್ಥರು ಹಾಗೂ ಏಕೈಕ ಸಿಬ್ಬಂದಿ,
ಮುನ್ನೋಟ ಇಲಾಖೆ

ಪ್ರತಿಗಳು:
೧. ಎಲ್ಲ ಆರು ಕುಟುಂಬಗಳಿಗೆ, ಪಾಲನೆಗಾಗಿ ಹಾಗೂ ನಗದೆ ಓದುವುದಕ್ಕಾಗಿ.
೨. ಶ್ರೀಮತಿ ನಫೀಸಾ, ಫ್ಲಾಟ್ ೨೬, ಪಾಳಿ ಕಾಯ್ದಿರಿಸಲು ಒಗೆಯುವ ಕೋಣೆಯ ಫಲಕಕ್ಕೆ ಹಾಕುವ ಬೀಗದ ಸಹಿತ, ಸ್ವೀಕೃತಿ ಪಡೆದು.
೩. ಶ್ರೀಮತಿ ಗುನಿಲ್ಲಾ, ನೆಲಮಹಡಿ, ಕನ್ನಡ ಬಾರದ ಕಾರಣ ಮಡಚಿ ಗೌರವಪೂರ್ವಕವಾಗಿ.
೪. ಅಮೆರಿಕದ ಬೇಸ್‌ಬಾಲ್ ಮಂಡಳಿಗೆ, ಅಂಚೆ ವೆಚ್ಚಕ್ಕೆ ಮಂಜೂರಾತಿ ದೊರೆತ ನಂತರ.
೫. ಒಗೆಯುವ ಕೋಣೆಯ ಬಾಗಿಲಿಗೆ, ಅಂಟಿಸಲು.
೬. ಶ್ರೀಮತಿ ಶಕುಂತಲಾ, ಫ್ಲಾಟ್ ೪೧. ಕೆಳಸಹಿದಾರರೂ ಅದೇ ಮನೆಯಲ್ಲಿ ವಾಸವಿದ್ದರೂ, ಖುದ್ದಾಗಿ ಕೊಡುವ ಧೈರ್ಯ ಇಲಾಖೆಯಲ್ಲಿ ಯಾರಿಗೂ ಇಲ್ಲದ ಕಾರಣ, ಸಾಧಾರಣ ಅಂಚೆ ಮೂಲಕ. ತಲುಪುವುದು ತಡವಾದರೂ ಅಡ್ಡಿಯಿಲ್ಲ.